ಅವರು ಬರೋ ಹೊತ್ತಿಗೆ ಕುದೀತಾ ಇರ್ಬೇಕು

ಟಾಕ್ ಬೊರಾಮ್ ನನ್ನ ಕಚೇರಿಗೆ ಬಂದ ದಿನ, ಯಾವುದೋ ಬಾಡಿಗೆ ತಕರಾರಿನವಳಿರಬೇಕು ಅಂದುಕೊಂಡೆ. ಸೊಂಗ್ನಾಮ್‌ನ ಹಳೇ ಪೇಟೆಯಲ್ಲಿ ವಕೀಲಿ ಮಾಡುವ ನನ್ನ ಹತ್ತಿರ ಬರುವವರೆಲ್ಲ ಹೆಚ್ಚುಕಮ್ಮಿ ಅಂಥವರೇ. ಗುಡ್ಡದ ಓಣಿಗಳನ್ನು ಒಂದೊಂದಾಗಿ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದ ಕಾಲ ಅದು. ಆದರೆ ಅವಳ ಕೋಟು, ಚೀಲ, ಕುಳಿತುಕೊಂಡ ರೀತಿ ನೋಡಿದರೆ ಪಾನ್‌ಗ್ಯೊ ಕಡೆಯ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವವಳು ಅನ್ನಿಸಿತು. ವಯಸ್ಸು ಮೂವತ್ತೇಳೋ ಮೂವತ್ತೆಂಟೋ. ಕೈಚೀಲವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಮಾ ಚುನ್‌ಹ್ವಾ ಅವರ ಮೊಕದ್ದಮೆ ನಡೆಸುತ್ತಿರುವುದು ನೀವೇ ತಾನೆ ಅಂತ ಕೇಳಿದಳು. ಹೌದು ಅಂದೆ. ನಾನು ಬಾರ್ಲಿ ಚಹಾ ತರಿಸಿದೆ. ಅದು ಆರಿಹೋದ ಮೇಲೆ ಹೇಳಲು ಶುರುಮಾಡಿದಳು.

ಅವಳು ಹೇಳಿದ್ದನ್ನು, ಆಮೇಲೆ ನಾನೇ ಕಂಡದ್ದನ್ನು, ಮೊದಲಿನಿಂದ ಹೇಳುತ್ತೇನೆ.

ಬೊರಾಮ್‌ಗೆ, ಜನ ಫೋನಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳುವ ಒಂದು ಮೆಸೆಂಜರ್‌ನ ಕಂಪನಿಯಲ್ಲಿ ಕೆಲಸ. ಆ ಕಂಪನಿಯ ಹೆಸರು ಇಲ್ಲಿ ಬೇಡ. ಅವಳ ತಂಡದ ಕೆಲಸ ಇಷ್ಟೇ: ಪೊಲೀಸರಿಂದಲೋ ಪ್ರಾಸಿಕ್ಯೂಟರ್ ಕಚೇರಿಯಿಂದಲೋ ಕೋರ್ಟಿನ ವಾರಂಟ್ ಬಂದರೆ ಅದನ್ನು ಓದಿ, ಕೇಳಿದ ಖಾತೆಯ ಕೇಳಿದಷ್ಟು ದಿನದ ಮಾತುಗಳನ್ನು ಸರ್ವರಿನಿಂದ ತೆಗೆದು ಕಳಿಸುವುದು. ಕೇಳಿದ್ದಕ್ಕಿಂತ ಒಂದು ಸಾಲೂ ಹೆಚ್ಚಿಗೆ ಹೋಗಬಾರದು, ಕಮ್ಮಿಯೂ ಆಗಬಾರದು. ಅದನ್ನು ನೋಡಿಕೊಳ್ಳಬೇಕಾದರೆ ಯಾರಾದರೂ ಕಣ್ಣಾಡಿಸಲೇಬೇಕು. ಆ ಕಣ್ಣು ಅವಳದು. ಕಳ್ಳರದು, ಮೋಸಗಾರರದು, ಗಂಡನಿಂದ ಏಟು ತಿಂದವರದು, ಸಾಯುತ್ತೇನೆ ಅಂತ ಬರೆದು ಕಾಣೆಯಾದವರದು, ಎಲ್ಲರ ಮಾತೂ ಅವಳ ಮೇಜಿನ ಮೇಲೆ ಹಾದುಹೋಗುತ್ತಿತ್ತು. ಅವಳು ತೆಗೆದುಕೊಟ್ಟ ನಾಲ್ಕು ಸಾಲಿನಿಂದ ಒಮ್ಮೆ ಒಬ್ಬ ಹುಡುಗಿ ನದಿಯ ದಡದಲ್ಲಿ ಜೀವಂತವಾಗಿ ಸಿಕ್ಕಿದ್ದಳಂತೆ. ಆ ದಿನ ತಂಡದವರೆಲ್ಲ ಸೇರಿ ಕೇಕ್ ತಿಂದರಂತೆ. ಅದನ್ನೂ ಅವಳು ಮುಚ್ಚಿಡಲಿಲ್ಲ. ಕೆಟ್ಟ ಕೆಲಸ ಮಾಡುತ್ತಿದ್ದೇನೆ ಅಂತ ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಆದರೆ ಆ ಕೆಲಸಕ್ಕೆ ಸೇರಿದ ಮೇಲೆ ಅವಳು ಯಾರಿಗೂ ಏನೂ ಬರೆಯುವುದನ್ನು ಬಿಟ್ಟಳು. ಬೇಕಂತ ಬಿಟ್ಟದ್ದಲ್ಲ. ಗೆಳತಿಗೆ ಎರಡು ಸಾಲು ಬರೆಯಲು ಕುಳಿತರೂ, ಬೆನ್ನ ಹಿಂದೆ ತನ್ನಂಥವಳೇ ಇನ್ನೊಬ್ಬಳು ನಿಂತು ಓದುತ್ತಿದ್ದಾಳೆ ಅನ್ನಿಸುತ್ತಿತ್ತಂತೆ. ಸರಿ, ಹ್ಞೂಂ, ಆಮೇಲೆ ಮಾತಾಡೋಣ, ಇಷ್ಟರಲ್ಲೇ ಮುಗಿಸುತ್ತಿದ್ದಳು. ಹಾಗೆ ಉತ್ತರ ಕೊಡುವವಳಿಗೆ ಯಾರು ತಾನೆ ಎಷ್ಟು ದಿನ ಬರೆದಾರು? ಗೆಳತಿಯರು ಒಬ್ಬೊಬ್ಬರಾಗಿ ಸುಮ್ಮನಾದರು. ಕಾಲೇಜಿನಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ತಂದೆ ಜೇಜು ದ್ವೀಪದಲ್ಲಿ ಬೇರೆ ಸಂಸಾರ ಹೂಡಿಕೊಂಡಿದ್ದ, ಹೊಸವರ್ಷಕ್ಕೆ ಒಂದು ಶುಭಾಶಯ ಕಳಿಸುತ್ತಿದ್ದ. ಕೆಲಸದ ವಿಷಯ ಹೊರಗೆ ಬಾಯಿಬಿಡುವಂತಿರಲಿಲ್ಲ. ಹಗಲಿಡೀ ಊರಿನವರ ಮಾತು ಕೇಳಿ, ಸಂಜೆ ಬಾಯಿ ಹೊಲಿದುಕೊಂಡು ಮನೆಗೆ ಹೋಗುವ ಬದುಕು.

ಮನೆ ಹಳೇ ಪೇಟೆಯ ಗುಡ್ಡದ ಮೇಲಿತ್ತು. ಬಾಡಿಗೆ ಅಗ್ಗ ಅಂತ ಅಲ್ಲಿ ಒಂದು ಕೋಣೆ ಹಿಡಿದಿದ್ದಳು. ಬಸ್ಸಿಳಿದು ಹತ್ತುವ ದಾರಿಯಲ್ಲಿ ಮಾ ಚುನ್‌ಹ್ವಾಳ ಕಾಲ್‌ಗುಕ್ಸು ಅಂಗಡಿ. ಗೋಧಿಹಿಟ್ಟು ನಾದಿ, ಲಟ್ಟಿಸಿ, ಮಡಚಿ, ಚಾಕುವಿನಲ್ಲಿ ಕೊಯ್ದ ಎಳೆಗಳನ್ನು ಒಣಮೀನಿನ ಸಾರಿನಲ್ಲಿ ಬೇಯಿಸಿ ಕೊಡುತ್ತಿದ್ದಳು. ಜೊತೆಗೆ ಖಾರ ಹಚ್ಚಿ ಆಗಷ್ಟೇ ಕಲಸಿದ ಎಲೆಕೋಸಿನ ಕಿಮ್ಚಿ. ಬೇರೆ ತಿಂಡಿ ಏನೂ ಇಲ್ಲ. ಚುನ್‌ಹ್ವಾಗೆ ಅರವತ್ತು ದಾಟಿತ್ತು. ಗಂಡನಿಂದ ಬಿಡುಗಡೆಯಾಗಿ ಬಹಳ ಕಾಲವಾಗಿತ್ತು. ದೊಡ್ಡ ಗಂಟಲು. ಗಿರಾಕಿಗಳೆಲ್ಲ ಅವಳನ್ನು ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದರು.

ಬೊರಾಮ್ ದಿನಾ ಸಂಜೆ ಅಲ್ಲೇ ಉಣ್ಣುತ್ತಿದ್ದಳು. ಒಳಗೆ ಬರುವಾಗ ಒಂದು ನಮಸ್ಕಾರ, ಹೋಗುವಾಗ ಚೆನ್ನಾಗಿತ್ತು ಚಿಕ್ಕಮ್ಮ ಅಂತ ಒಂದು ಮಾತು. ಅಷ್ಟೇ. ಏನು ಬೇಕು ಅಂತ ಚುನ್‌ಹ್ವಾ ಕೇಳುತ್ತಿರಲಿಲ್ಲ, ಬಟ್ಟಲು ತಂದಿಟ್ಟು ಹೋಗುತ್ತಿದ್ದಳು. ಇಡೀ ದಿನದಲ್ಲಿ ತನ್ನನ್ನು ಗುರುತಿಸಿ ಏನಾದರೂ ಕೊಡುವವರು ಅಂದರೆ ಅವರೊಬ್ಬರೇ ಆಗಿದ್ದರು ಅಂತ ಬೊರಾಮ್ ನನಗೆ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಏನೂ ಇರಲಿಲ್ಲ, ವಿಳಾಸ ಹೇಳುವ ಹಾಗೆ ಹೇಳಿದಳು.

ಆ ಚಳಿಗಾಲಕ್ಕೆ ಓಣಿಯನ್ನು ಕೆಡವುವ ಆದೇಶ ಬಂತು. ಮನೆ ಮಾಲೀಕರಿಗೆ ಹೊಸ ಅಪಾರ್ಟ್‌ಮೆಂಟ್ ಸಿಗುತ್ತದೆ. ಬಾಡಿಗೆಗೆ ಅಂಗಡಿ ಇಟ್ಟವರಿಗೆ ಸಿಗುವುದು ಅಷ್ಟಕ್ಕಷ್ಟೇ. ಬಾಡಿಗೆದಾರರು ಒಂದು ಸಮಿತಿ ಮಾಡಿಕೊಂಡರು. ಬೀಗ ರಿಪೇರಿ ಮಾಡುವ ನಾಮ್‌ಗುಂಗ್ ಅನ್ನುವ ಮುದುಕ ಅದಕ್ಕೆ ಮುಖ್ಯಸ್ಥ. ಕೆಡವುವ ಯಂತ್ರ ಬರದಿರಲಿ ಅಂತ ಚುನ್‌ಹ್ವಾಳ ಅಂಗಡಿ ಇದ್ದ ಕಟ್ಟಡದ ತಾರಸಿಯ ಮೇಲೆ ಟಾರ್ಪಾಲು ಕಟ್ಟಿ, ಪಾಳಿ ಹಾಕಿಕೊಂಡು ಕುಳಿತರು. ಕುಳಿತವರಲ್ಲಿ ಮುಕ್ಕಾಲು ಪಾಲು ಮುದುಕರು ಮುದುಕಿಯರು. ಜನವರಿ ತಿಂಗಳು, ತಾರಸಿಯ ಮೇಲೆ ನೀರಿನ ಬಕೆಟ್ಟು ಕಲ್ಲಾಗುವಂಥ ಚಳಿ.

ಒಂದು ಮಂಗಳವಾರ ಸಂಜೆ ಬೊರಾಮ್ ಉಣ್ಣುತ್ತಿದ್ದಾಗ ಪಕ್ಕದ ಮೇಜಿನಲ್ಲಿ ನಾಮ್‌ಗುಂಗ್ ಕುಳಿತು ಕೆಮ್ಮುತ್ತಿದ್ದ. ಕೆಳಗಿನಿಂದ ಸಾರು ಮೇಲೆ ಹೊತ್ತು ತರುವಷ್ಟರಲ್ಲಿ ತಣ್ಣಗಾಗಿರುತ್ತದೆ ಅಂತ ಯಾರೋ ಗೊಣಗಿದರಂತೆ. ಚುನ್‌ಹ್ವಾ ಅಡುಗೆ ಒಲೆಯ ಹತ್ತಿರದಿಂದಲೇ ಹೇಳಿದಳು:

"ಹಾಗಾದ್ರೆ ಒಲೆನೇ ಮೇಲಕ್ಕೆ ತರ್ತೀನಿ. ಮಧ್ಯಾಹ್ನ ಪಾಳಿ ಬದಲಾಗುತ್ತಲ್ಲ, ಆಗ ಮೇಲೆ ಬರೋರಿಗೆ ಬಿಸಿಬಿಸಿ ಹಾಕ್ತೀನಿ. ಸಿಲಿಂಡರ್ ಹೊರೋಕೆ ಗಂಡಸ್ರು ಇದ್ದೀರೋ ಇಲ್ವೋ?"

"ಗಂಡಸ್ರೇನೋ ಇದೀವಿ," ಅಂದ ನಾಮ್‌ಗುಂಗ್. "ಸೊಂಟ ಇಲ್ಲ."

ಬೊರಾಮ್ ಬಟ್ಟಲಿನ ಮೇಲೆ ತಲೆ ಬಗ್ಗಿಸಿಕೊಂಡೇ ನಕ್ಕಳಂತೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಅದೇ ವಾರ ಗುರುವಾರ ಕೆಡವುವ ಗುತ್ತಿಗೆದಾರನ ಆಳುಗಳಿಗೂ ಸಮಿತಿಯವರಿಗೂ ನೂಕಾಟವಾಯಿತು. ಒಬ್ಬ ಆಳಿನ ಕೈ ಮುರಿಯಿತು. ಪೊಲೀಸರು ನಾಮ್‌ಗುಂಗ್‌ನ ಮೆಸೆಂಜರ್ ಮಾತುಗಳಿಗೆ ವಾರಂಟ್ ತೆಗೆದುಕೊಂಡರು.

ಶುಕ್ರವಾರ ಮಧ್ಯಾಹ್ನ ಅದು ಬೊರಾಮ್‌ಳ ಮೇಜಿಗೆ ಬಂತು. ಖಾತೆಯ ಹೆಸರು ನೋಡಿ ಅವಳಿಗೆ ಏನೂ ಹೊಳೆಯಲಿಲ್ಲ, ಬೀಗದ ಮುದುಕನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಬುಧವಾರದಿಂದ ಈಚಿನದು ಕೇಳಿದ್ದರು. ಆ ಕಂಪನಿಯ ಸರ್ವರಿನಲ್ಲಿ ಮಾತುಗಳು ಎರಡು ಮೂರು ದಿನ ಮಾತ್ರ ಉಳಿಯುತ್ತವೆ, ಆಮೇಲೆ ತಾವಾಗಿಯೇ ಅಳಿಸಿಹೋಗುತ್ತವೆ. ಸಮಿತಿಯ ಗುಂಪನ್ನು ತೆರೆದಳು. ಮೊದಲ ಸಾಲಿನ ಪಕ್ಕದಲ್ಲೇ ಬರೆದವರು ತಮ್ಮ ಗುರುತಿಗೆ ಹಾಕಿಕೊಂಡ ಒಂದು ಪುಟ್ಟ ಚಿತ್ರ: ಹಬೆಯಾಡುವ ಅಗಲ ಪಾತ್ರೆ, ಅದರ ಹಿಂದೆ ಗೋಡೆಗೆ ಅಂಟಿಸಿದ ಹಳೇ ಕ್ಯಾಲೆಂಡರು. ಆ ಗೋಡೆಯನ್ನು ಅವಳು ದಿನಾ ನೋಡುತ್ತಿದ್ದಳು.

ನಿಯಮದ ಪ್ರಕಾರ ಅವಳು ಆಗಲೇ ಎದ್ದು, ಈ ಗುಂಪಿನಲ್ಲಿ ನನಗೆ ಪರಿಚಯದವರಿದ್ದಾರೆ, ಬೇರೆಯವರು ನೋಡಲಿ ಅನ್ನಬೇಕಿತ್ತು. ಪರಿಚಯ ಅಂದರೇನು ಅಂತ ಯೋಚಿಸಿದಳಂತೆ. ಆ ಹೆಂಗಸಿಗೆ ತನ್ನ ಹೆಸರು ಕೂಡ ಗೊತ್ತಿಲ್ಲ. ಅಷ್ಟರಲ್ಲಿ ಕಣ್ಣು ಮುಂದೆ ಓದಿಯಾಗಿತ್ತು.

ಮೊಣಕಾಲು ನೋವು. ಯಾರದೋ ಮೊಮ್ಮಗಳ ಜ್ವರ. ಟಾರ್ಪಾಲಿಗೆ ತೂತು ಬಿದ್ದಿದೆ, ಹಗ್ಗ ಬೇಕು. ನಡುವೆ ಬುಧವಾರ ಅಂಗಡಿ ಮುಚ್ಚಿದ ಮೇಲೆ ಚುನ್‌ಹ್ವಾ ಬರೆದ ನಾಲ್ಕು ಸಾಲು ಇದ್ದವು. ಮೂಲೇಲಿ ಕೂತ್ಕೊಳೋ ಹುಡುಗಿ ಇವತ್ತೂ ಒಬ್ಬಳೇ ಬಂದ್ಲು. ಯಾರ ಹತ್ರನೂ ಮಾತಾಡಲ್ಲ, ಫೋನೂ ನೋಡಲ್ಲ. ಅದಕ್ಕೆ ಯಾರೂ ಇಲ್ಲ ಅನ್ಸುತ್ತೆ. ಅಂಗಡಿ ಒಡೆದ್ರೆ ಅದು ಸಂಜೆ ಎಲ್ಲಿ ಉಣ್ಣುತ್ತೋ ಏನೋ.

ಅದರ ಕೆಳಗೆ ಯಾರೋ, ನಿನಗೆ ನಿನ್ನ ತಲೆ ಮೇಲಿನ ಸೂರಿನ ಚಿಂತೆ ಇಲ್ಲ, ಗಿರಾಕಿ ಊಟದ ಚಿಂತೆ ಅಂತ ರೇಗಿಸಿದ್ದರು.

ಬೊರಾಮ್ ಎದ್ದು ಕೈತೊಳೆಯುವ ಕಡೆಗೆ ಹೋದಳು. ನಲ್ಲಿ ಬಿಟ್ಟುಕೊಂಡು ಅದರ ಸದ್ದಿನಲ್ಲಿ ಸ್ವಲ್ಪ ಹೊತ್ತು ನಿಂತಳು. ದುಃಖವೋ ಸಂತೋಷವೋ ತನಗೇ ತಿಳಿಯಲಿಲ್ಲ ಅಂದಳು. ಒಬ್ಬರ ಬಾಯಲ್ಲಿ ತನ್ನ ವಿಷಯ ಬಂದು ಎಷ್ಟೋ ವರ್ಷವಾಗಿತ್ತು.

ವಾಪಸು ಬಂದು ಕುಳಿತಾಗ ಅವಳ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಇವತ್ತು ಹೊಟ್ಟೆನೋವು ಅಂತ ಮನೆಗೆ ಹೋದರೆ, ಸೋಮವಾರ ಬರುವಷ್ಟರಲ್ಲಿ ಎಲ್ಲ ಅಳಿಸಿಹೋಗಿರುತ್ತದೆ. ಏನೂ ಉಳಿದಿಲ್ಲ ಅಂತ ಉತ್ತರ ಬರೆದರೆ ಅದು ಸುಳ್ಳೂ ಆಗುವುದಿಲ್ಲ. ಅಷ್ಟರಲ್ಲಿ ತಂಡದ ಮುಖ್ಯಸ್ಥ ಅವಳ ಬಳಿ ಬಂದು, ಸೊಂಗ್ನಾಮ್ ಪೊಲೀಸರದ್ದು ಇವತ್ತೇ ಹೋಗಬೇಕು ಅಂದ. ಒಳ್ಳೆಯ ಮನುಷ್ಯನೇ. ಅವಳ ಮುಖ ನೋಡಿ, "ಬೊರಾಮ್ ಅವರೇ, ನಾವು ಅಂಚೆಯವರಿದ್ದ ಹಾಗೆ. ತಲುಪಿಸೋದಷ್ಟೇ ನಮ್ಮ ಕೆಲಸ" ಅಂತಲೂ ಹೇಳಿದ.

ಅವಳು ಕಳಿಸಿದಳು. ಹೆದರಿ ಕಳಿಸಿದ್ದಲ್ಲ ವಕೀಲರೇ ಅಂತ ನನ್ನ ಮುಂದೆ ಎರಡು ಸಲ ಹೇಳಿದಳು. ಅದರಲ್ಲಿ ಜ್ವರ, ಮೊಣಕಾಲು, ಹಗ್ಗ ಬಿಟ್ಟರೆ ಏನೂ ಇರಲಿಲ್ಲ. ಇದನ್ನು ಓದಿದವರಿಗೆ ಇವರು ಎಂಥ ಜನ ಅಂತ ತಿಳಿಯುತ್ತದೆ, ಒಳ್ಳೆಯದೇ ಆಗುತ್ತದೆ ಅಂತ ನಂಬಿದ್ದಳು. ತನ್ನಂತೆಯೇ ಬೇರೆಯವರೂ ಓದುತ್ತಾರೆ ಅಂದುಕೊಂಡಿದ್ದಳು.

ಆ ಸಂಜೆಯೂ ಅಂಗಡಿಗೆ ಹೋದಳು. ಹೋಗದಿದ್ದರೆ ಗಮನಿಸುತ್ತಾರೆ ಅಂತ ಈಗ ಗೊತ್ತಿತ್ತಲ್ಲ. ಚುನ್‌ಹ್ವಾ ಬಟ್ಟಲಿಟ್ಟವಳು ಅಂದು ಎದುರಿನ ಕುರ್ಚಿಯಲ್ಲಿ ಒಂದು ಗಳಿಗೆ ಕುಳಿತಳು.

"ಯಾಕಮ್ಮಾ, ಮುಖ ಇಷ್ಟು ಬಾಡಿದೆ? ಮೈಗೆ ಹುಷಾರಿಲ್ವಾ?"

"ಕೆಲಸ ಜಾಸ್ತಿ ಇತ್ತು ಚಿಕ್ಕಮ್ಮ."

"ಎಂಥ ಕೆಲಸ ನಿಂದು?"

"ಕಂಪ್ಯೂಟರ್ ಮುಂದೆ ಕೂತು ಮಾಡೋದು."

"ಕೂತ್ಕೊಂಡು ಮಾಡೋ ಕೆಲಸಕ್ಕೆ ಇಷ್ಟು ಸುಸ್ತಾ," ಅಂದು ಚುನ್‌ಹ್ವಾ ನಕ್ಕು ಎದ್ದಳು. ಪೊಲೀಸರು ನಿಮ್ಮ ಮಾತು ತೆಗೆದುಕೊಂಡಿದ್ದಾರೆ ಅಂತ ಒಂದು ವಾಕ್ಯ ಬೊರಾಮ್‌ಳ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಅಪರಾಧ. ಅವಳು ಎಳೆಗಳನ್ನು ಒಂದೊಂದಾಗಿ ಎತ್ತಿ ನುಂಗಿದಳು. ಬಟ್ಟಲು ಖಾಲಿ ಮಾಡಿದಳು. ಚೆನ್ನಾಗಿತ್ತು ಚಿಕ್ಕಮ್ಮ ಅಂತ ಹೇಳಿ ಹೊರಗೆ ಬಂದಳು.

ಮುಂದಿನ ವಾರ ಅಂಗಡಿಯ ಶಟರ್ ಎಳೆದಿತ್ತು. ಎದುರಿನ ಡ್ರೈಕ್ಲೀನಿಂಗ್ ಅಂಗಡಿಯವಳು ಬೊರಾಮ್‌ಳನ್ನು ಕಂಡು, ಬೆಳಿಗ್ಗೆ ಪೊಲೀಸರು ಬಂದು ಚುನ್‌ಹ್ವಾಳನ್ನೂ ಬೀಗದ ಅಜ್ಜನನ್ನೂ ಕರೆದುಕೊಂಡು ಹೋದರು, ತಾರಸಿಯ ಮೇಲೆ ಗ್ಯಾಸ್ ಇಟ್ಟುಕೊಂಡು ಬೆಂಕಿ ಹಚ್ಚುವುದಕ್ಕೆ ಹೊರಟಿದ್ದರಂತೆ ಅಂದಳು. ಬೊರಾಮ್ ಮನೆಗೆ ಹೋಗಿ ಟೀವಿ ಹಾಕಿದಳು. ಸುದ್ದಿಯಲ್ಲಿ ಚುನ್‌ಹ್ವಾ ಗುಂಪಿನಲ್ಲಿ ಬರೆದ ಮಾತನ್ನು ದೊಡ್ಡ ಅಕ್ಷರದಲ್ಲಿ ತೋರಿಸುತ್ತಿದ್ದರು. "ನಾಳೆ ಸಿಲಿಂಡರ್ ಎರಡೂ ಮೇಲಕ್ಕೆ ಹತ್ತಿಸಿ. ಬೆಂಕಿ ಹಚ್ಚೋದು ನನಗೆ ಬಿಡಿ. ಅವರು ಬರೋ ಹೊತ್ತಿಗೆ ಕುದೀತಾ ಇರ್ಬೇಕು."

ಆ ಸಾಲನ್ನೂ ಬೊರಾಮ್ ಅಂದು ಓದಿದ್ದಳು. ಓದಿ, ಮಂಗಳವಾರದ ನಗೆಯನ್ನು ನೆನಪಿಸಿಕೊಂಡು ಮುಂದೆ ಹೋಗಿದ್ದಳು. ಟೀವಿಯವರು ಹೇಳುವ ಪ್ರಕಾರ 'ಅವರು' ಅಂದರೆ ಕೆಡವಲು ಬರುವ ಆಳುಗಳು. ಕುದಿಯುವುದು ಅಂದರೆ ಅವರ ಮೇಲೆ ಸುರಿಯುವ ನೀರು. ಸಾರಿನ ಮಾತೆಲ್ಲ ಬಂದದ್ದು ಸೋಮವಾರ ಮಂಗಳವಾರದ ಬರಹದಲ್ಲಿ. ಅವು ಸರ್ವರಿನಿಂದ ಅಳಿಸಿಹೋಗಿದ್ದವು. ಚುನ್‌ಹ್ವಾಳ ಫೋನು ನೂಕಾಟದ ದಿನವೇ ತಾರಸಿಯಿಂದ ಬಿದ್ದು ಒಡೆದಿತ್ತು. ಸಮಿತಿಯವರ ಬಳಿ ಉಳಿದಿದ್ದನ್ನು ತೋರಿಸೋಣ ಅಂದರೆ, ಪೊಲೀಸರು ಬಂದ ದಿನ ಎಲ್ಲರೂ ಹೆದರಿ ಗುಂಪು ಬಿಟ್ಟು, ಇದ್ದಬದ್ದದ್ದನ್ನೆಲ್ಲ ಅಳಿಸಿಹಾಕಿದ್ದರು. ಅಳಿಸಿದ್ದೇ ಅಪರಾಧಕ್ಕೆ ಸಾಕ್ಷಿ ಅಂತ ಪ್ರಾಸಿಕ್ಯೂಟರ್ ವಾದ.

ನಾನು ಮೊಕದ್ದಮೆ ಕೈಗೆತ್ತಿಕೊಂಡದ್ದು ಈ ಹಂತದಲ್ಲಿ. ಅಂಗಡಿಯಲ್ಲಿ ಆ ಮಂಗಳವಾರ ಇದ್ದವರೆಲ್ಲ ಸಮಿತಿಯವರೇ. ತಮ್ಮತಮ್ಮವರ ಪರ ಹೇಳುತ್ತಾರೆ ಅಂತ ಅವರ ಮಾತಿಗೆ ತೂಕ ಸಿಗುತ್ತಿರಲಿಲ್ಲ. ಹೊರಗಿನವರು ಒಬ್ಬರು ಬೇಕಿತ್ತು. ಆ ಒಬ್ಬರು ನನ್ನ ಎದುರು ಆರಿದ ಚಹಾದ ಮುಂದೆ ಕುಳಿತಿದ್ದರು.

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನೀವು ಕೇಳಿದ್ದನ್ನು ಕೋರ್ಟಿನಲ್ಲಿ ಹೇಳಿದರೆ ಸಾಕು, ಎಲ್ಲಿ ಕೆಲಸ ಅಂತ ನಾನಂತೂ ಕೇಳುವುದಿಲ್ಲ, ಬೇರೆಯವರಿಗೆ ಕೇಳಬೇಕು ಅಂತ ಹೊಳೆಯುವುದೂ ಇಲ್ಲ ಅಂದೆ. ಅವಳು ಬೇಡ ಅನ್ನುವ ಹಾಗೆ ತಲೆಯಾಡಿಸಿದಳು.

"ಕೋರ್ಟಿಗೆ ಹೇಳೋದು ಬಿಡೋದು ಆಮೇಲೆ. ಮೊದ್ಲು ಚಿಕ್ಕಮ್ಮಂಗೆ ಗೊತ್ತಾಗ್ಬೇಕು. ಅವರಿಗೆ ಗೊತ್ತಿಲ್ದೆ ನಾನು ಅವರ ಸಾಕ್ಷಿ ಆಗಲ್ಲ."

"ಅವರು ಬೇಡ ಅಂದ್ಬಿಟ್ರೆ?"

"ಬೇಡ ಅನ್ನೋದು ಅವರಿಗೆ ಬಿಟ್ಟಿದ್ದು."

ಹೀಗಾಗಿ ಆ ಮಾತನ್ನು ಚುನ್‌ಹ್ವಾಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು. ಜೈಲಿನ ಭೇಟಿ ಕೋಣೆಯಲ್ಲಿ ಹೇಳಿದೆ. ಅವಳ ಕೈ ಒಣಗಿ ಸಿಪ್ಪೆ ಏಳುತ್ತಿತ್ತು. ಹಿಟ್ಟು ಮುಟ್ಟದೆ ಹೀಗಾಗಿದೆ ಅಂತ ಅವಳೇ ಹೇಳಿದ್ದಳು. ನಾನು ಹೇಳಿ ಮುಗಿಸಿದ ಮೇಲೆ ಆ ಕೈಯನ್ನೇ ನೋಡಿಕೊಂಡಳು.

"ಎಲ್ಲಾ ಓದಿದಾಳಂತಾ?"

"ಕೆಲಸದ ಸಲುವಾಗಿ ಓದಬೇಕಾಯ್ತಂತೆ."

"ಅದರ ವಿಷಯ ಬರೆದಿದ್ದನ್ನೂ?"

ಹೌದು ಅಂದೆ. ಅವಳು ಗೋಡೆ ಕಡೆಗೆ ತಿರುಗಿದಳು. ಓದಿದ ದಿನ ಸಂಜೆ ಬಂದು ಉಂಡಳಾ ಅಂತ ಕೇಳಿದಳು. ಅದಕ್ಕೂ ಹೌದು ಅಂದೆ. ಭೇಟಿಯ ಸಮಯ ಮುಗಿಯಿತು ಅಂತ ಕಾವಲಿನವನು ಬಂದಾಗ ಎದ್ದು ನಿಂತು, "ಸಾಕ್ಷಿ ಹೇಳ್ಲಿ. ನನಗೆ ಹೊರಗೆ ಬರ್ಬೇಕು" ಅಂದಳು.

ವಿಚಾರಣೆಯ ದಿನ ಬೊರಾಮ್ ಬೂದು ಬಣ್ಣದ ಕೋಟು ಹಾಕಿಕೊಂಡು ಬಂದಿದ್ದಳು. ಮಂಗಳವಾರ ಸಂಜೆ ತಾನು ಕೇಳಿದ್ದನ್ನು ಸ್ಪಷ್ಟವಾಗಿ ಹೇಳಿದಳು. ಒಲೆ, ಪಾಳಿ, ಬಿಸಿ ಸಾರು, ಸಿಲಿಂಡರ್ ಹೊರಲು ಗಂಡಸರಿದ್ದೀರಾ ಅನ್ನುವ ಮಾತು, ಅದಕ್ಕೆ ಬಂದ ಉತ್ತರ. ನ್ಯಾಯಾಧೀಶರ ತುಟಿಯ ತುದಿ ಕೊಂಚ ಅಲುಗಿದ್ದನ್ನು ನಾನು ನೋಡಿದೆ. ಆಮೇಲೆ ಪ್ರಾಸಿಕ್ಯೂಟರ್ ಎದ್ದ. ಎಲ್ಲೋ ಕೇಳಿದ ಊಟದ ಮಾತು ಇಷ್ಟು ಚೆನ್ನಾಗಿ ಹೇಗೆ ನೆನಪಿದೆ, ಯಾರಾದರೂ ಹೇಳಿಕೊಟ್ಟರಾ ಅಂತ ಕೇಳಿದ. ಇಲ್ಲ ಅಂದು ಅವಳು ಕುಳಿತುಬಿಡಬಹುದಿತ್ತು.

"ಆ ವಾರ ಶುಕ್ರವಾರ ಇವರ ಮಾತುಗಳನ್ನ ತೆಗೆದು ಪೊಲೀಸರಿಗೆ ಕಳಿಸಿದವಳು ನಾನೇ," ಅಂದಳು. "ಸಿಲಿಂಡರಿನ ಸಾಲು ಓದಿದಾಗ ನನಗೆ ಮಂಗಳವಾರದ್ದು ನೆನಪಾಯ್ತು. ಸಾರಿಗೆ ಅಂತ ಗೊತ್ತಿತ್ತು. ಅದಕ್ಕೇ ಕಳಿಸೋಕೆ ಹಿಂಜರಿಯಲಿಲ್ಲ."

ಕೋರ್ಟಿನಲ್ಲಿ ಕುಳಿತಿದ್ದ ಓಣಿಯವರ ನಡುವೆ ಗುಜುಗುಜು ಶುರುವಾಯಿತು. ಹಿಂದಿನ ಸಾಲಿನಿಂದ ಯಾರೋ ಥೂ ಅಂದರು. ಚುನ್‌ಹ್ವಾ ಆರೋಪಿಯ ಜಾಗದಲ್ಲಿ ನೆಟ್ಟಗೆ ಕುಳಿತಿದ್ದಳು, ಸಾಕ್ಷಿಯ ಕಡೆ ಒಮ್ಮೆಯೂ ತಿರುಗಲಿಲ್ಲ.

ಬೆಂಕಿ ಹಚ್ಚುವ ಸಂಚಿನ ಆರೋಪ ಬಿದ್ದುಹೋಯಿತು. ನೂಕಾಟಕ್ಕೆ ಇಬ್ಬರಿಗೂ ದಂಡವಾಯಿತು, ಅದನ್ನು ಓಣಿಯವರು ಕೂಡಿಸಿ ಕಟ್ಟಿದರು. ತೀರ್ಪಿನ ದಿನವೂ ಬೊರಾಮ್ ಬಂದಿದ್ದಳು. ಅಷ್ಟರಲ್ಲಿ ಅವಳ ಕೆಲಸ ಹೋಗಿತ್ತು. ಗುಟ್ಟು ಹೊರಗೆ ಹೇಳಿದ್ದು ತಪ್ಪು, ಪರಿಚಯದವರಿದ್ದಾರೆ ಅಂತ ಮೊದಲೇ ತಿಳಿಸದೆ ಇದ್ದದ್ದು ಇನ್ನೂ ದೊಡ್ಡ ತಪ್ಪು ಅಂತ ಕಂಪನಿಯವರು ಹೇಳಿದರಂತೆ. ಎರಡನೆಯದು ನಿಜ ತಾನೆ ಅಂತ ಅವಳು ನನ್ನನ್ನೇ ಕೇಳಿದಳು.

ಕೋರ್ಟಿನ ಮೆಟ್ಟಿಲಿನ ಬಳಿ ಓಣಿಯ ಹೆಂಗಸರು ಚುನ್‌ಹ್ವಾಳನ್ನು ಸುತ್ತುವರಿದು, ಅಳುತ್ತ ನಗುತ್ತ, ತೋಫುವಿನ ಹಸಿ ತುಂಡು ತಿನ್ನಿಸುತ್ತಿದ್ದರು. ಜೈಲಿನಿಂದ ಬಂದವರಿಗೆ ನಮ್ಮಲ್ಲಿ ಹಾಗೆ ಮಾಡುತ್ತಾರೆ. ಬೊರಾಮ್ ದೂರದಲ್ಲಿ, ಸೈಕಲ್ ನಿಲ್ಲಿಸುವ ಜಾಗದ ಪಕ್ಕದಲ್ಲಿದ್ದಳು. ಚುನ್‌ಹ್ವಾ ಬಾಯಿ ಒರೆಸಿಕೊಂಡು ಅವಳ ಕಡೆಗೆ ನಡೆದು ಬಂದಳು. ನಾನೂ ಹಿಂದೆಯೇ ಹೋದೆ, ಏನಾದರೂ ಆದೀತು ಅಂತ.

ಏನೂ ಆಗಲಿಲ್ಲ. ಚುನ್‌ಹ್ವಾ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು.

"ನಿನ್ನ ಹೆಸರು ಬೊರಾಮ್ ಅಂತೆ."

"ಹೌದು ಚಿಕ್ಕಮ್ಮ."

"ಇಷ್ಟು ವರ್ಷ ಕೇಳಿರ್ಲಿಲ್ಲ ನಾನು. ತಾನಾಗಿ ಹೇಳಿದ್ರೆ ಕೇಳೋಣ, ಪಾಪ, ಯಾಕೆ ಕೆದಕೋದು ಅಂತ ಸುಮ್ನಿದ್ದೆ."

ಬೊರಾಮ್ ತಲೆ ತಗ್ಗಿಸಿದಳು.

"ನಿನ್ನ ಬಗ್ಗೆ ಬರೆದಿದ್ದು ನಿನಗೆ ಕೇಳಿಸ್ಲಿ ಅಂತ ಬರೆದಿದ್ದಲ್ಲ ಕಣೇ," ಅಂದಳು ಚುನ್‌ಹ್ವಾ. ಅವಳ ದೊಡ್ಡ ಗಂಟಲು ಆಗ ಎಲ್ಲಿ ಹೋಗಿತ್ತೋ. "ಅದು ನನ್ನ ಮನಸಲ್ಲಿ ಇದ್ದಿದ್ದು. ಇವತ್ತಲ್ಲ ನಾಳೆ ನಾನೇ ನಿನ್ನ ಮುಂದೆ ಕೂತು ಕೇಳ್ತಿದ್ದೆ. ಈಗ ಕೇಳೋಕೂ ಆಗಲ್ಲ. ನಿನ್ನ ನೋಡಿದ್ರೆ, ಇದು ನನ್ನನ್ನ ಎಷ್ಟು ಓದಿದೆಯೋ ಅನ್ಸುತ್ತೆ."

"ತಪ್ಪಾಯ್ತು ಚಿಕ್ಕಮ್ಮ."

"ಬಿಡಿಸಿದ್ದು ನೀನೇ. ಅದಕ್ಕೆ ಋಣಿ. ಆ ಮಾತು ಬೇರೆ, ಈ ಮಾತು ಬೇರೆ."

ಅಷ್ಟು ಹೇಳಿ ಹೊರಟಳು. ಎರಡು ಹೆಜ್ಜೆ ಹೋಗಿ ನಿಂತು, ಏನೋ ಹೇಳುವವಳ ಹಾಗೆ ತಿರುಗಿದಳು. ಹೆಂಗಸರು ಕೂಗಿ ಕರೆದರು. ಹೋದಳು.

ಓಣಿ ಜೂನಿನಲ್ಲಿ ನೆಲಸಮವಾಯಿತು. ಬೊರಾಮ್ ಅದಕ್ಕೂ ಮೊದಲೇ ಸುವೊನ್ ಕಡೆಗೆ ಹೋಗಿ, ಒಂದು ಪಶು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಬಂದವರ ನಾಯಿ ಬೆಕ್ಕುಗಳ ಹೆಸರು ಬರೆದುಕೊಳ್ಳುವುದು, ಔಷಧ ಕಟ್ಟಿಕೊಡುವುದು. ನಾಯಿಗಳು ಏನನ್ನೂ ಬರೆಯುವುದಿಲ್ಲ ವಕೀಲರೇ ಅಂತ ಒಮ್ಮೆ ಫೋನಿನಲ್ಲಿ ಹೇಳಿದಳು. ತಮಾಷೆಗೆ ಹೇಳಿದ್ದೋ ಏನೋ, ನಗು ಕೇಳಿಸಲಿಲ್ಲ.

ಮುಂದಿನ ಶರತ್ಕಾಲದಲ್ಲಿ ಕೋರ್ಟಿನ ಕೆಲಸಕ್ಕೆ ಸುವೊನ್‌ಗೆ ಹೋದಾಗ ಅವಳನ್ನು ಕಂಡೆ. ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಬೆಂಚು, ಅಲ್ಲೇ ಕುಳಿತು ಅಂಗಡಿಯಿಂದ ತಂದ ಅನ್ನದ ಉಂಡೆ ತಿನ್ನುತ್ತಿದ್ದಳು. ನನಗೂ ಒಂದು ಕೊಟ್ಟಳು. ಸ್ವಲ್ಪ ಸೊರಗಿದ್ದಳು. ಗೆಳತಿಯೊಬ್ಬಳಿಗೆ ಬಹಳ ವರ್ಷದ ಮೇಲೆ ಉದ್ದಕ್ಕೆ ಬರೆದೆ, ಅವಳಿಂದ ಉತ್ತರ ಬಂತು, ಸರಿ ಆಮೇಲೆ ಮಾತಾಡೋಣ ಅಂತ ಬರೆದಿದ್ದಾಳೆ ಅಂದಳು. ನಾನು ಅವಳಿಗಾಗಿ ಒಂದು ಸುದ್ದಿ ಹೊತ್ತು ತಂದಿದ್ದೆ. ಚುನ್‌ಹ್ವಾ ಮತ್ತೆ ಅಂಗಡಿ ಇಟ್ಟಿದ್ದಳು. ಬೇರೆ ಊರು, ಚಿಕ್ಕ ಜಾಗ, ಅದೇ ಒಂದೇ ತಿಂಡಿ. ನಾನು ಹೋಗಿ ಉಂಡು ಬಂದಿದ್ದೆ. ಬೊರಾಮ್ ಅಲ್ಲಿಗೆ ಒಮ್ಮೆ ಹೋದರೆ ಒಳ್ಳೆಯದು ಅಂತ ನನ್ನ ಮನಸ್ಸಿಗೆ ಬಂದಿತ್ತು.

"ಊರಿನ ಹೆಸರು ಹೇಳ್ಲಾ?" ಅಂದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. "ನನಗೆ ಹೇಳಿ ಅಂತ ಅವರು ಹೇಳಿದ್ರಾ?"

"ಹಾಗೇನೂ ಹೇಳ್ಲಿಲ್ಲ. ಬೇಡ ಅಂತಲೂ ಹೇಳ್ಲಿಲ್ಲ."

"ನನ್ನ ವಿಷಯ ಕೇಳಿದ್ರಾ?"

ಕೇಳಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇಲ್ಲ ಅಂದೆ.

"ಹಾಗಾದ್ರೆ ಬೇಡ ವಕೀಲರೇ," ಅಂದಳು. "ಅವರಾಗೇ ಹೇಳಿದ್ರೆ ಹೋಗ್ತೀನಿ. ಇನ್ನೊಬ್ಬರಿಂದ ತಿಳ್ಕೊಂಡು ಹೋಗಲ್ಲ."

ಹೇಗೂ ಒಂದು ದಿನ ಗೊತ್ತಾಗುತ್ತದೆ, ಇದೇನು ಗುಟ್ಟೇ, ಬೋರ್ಡು ಹಾಕಿಕೊಂಡ ಅಂಗಡಿ ಅಂತ ವಾದಿಸಲು ಹೊರಟೆ. ವಕೀಲರಿಗೆ ವಾದಕ್ಕೇನು ಬರ. ಆದರೆ ಅವಳ ಮುಖ ನೋಡಿ ಆ ವಾದವನ್ನು ಅಲ್ಲಿಗೇ ಬಿಟ್ಟೆ. ಒಳಗಿನಿಂದ ಡಾಕ್ಟರು ಕರೆದರು, ಯಾರದೋ ನಾಯಿಗೆ ಚುಚ್ಚುಮದ್ದು, ಹಿಡಿದುಕೊಳ್ಳಬೇಕಂತೆ. ಅವಳು ತೊಡೆಯ ಮೇಲಿನ ಅಗುಳು ಕೊಡವಿಕೊಂಡು ಎದ್ದಳು. ಇನ್ನೊಂದು ಉಂಡೆ ಇದೆ, ರೈಲಿನಲ್ಲಿ ತಿನ್ನಿ ಅಂತ ನನ್ನ ಕೈಗೆ ಕೊಟ್ಟು ಒಳಗೆ ಹೋದಳು.